ಕೋಪರ್, ದಿವಾ, ಮುಂಬ್ರಾ, ಕಲ್ವಾ

ನಮ್ದು ಮೂಲ ಹಾಸನದ ಕಡೆ, ಮುಂಬೈ ಹತ್ರದ ಡೊಂಬಿವಲಿಗೆ ಬಂದು 19 ವರ್ಷ ಆಯ್ತು, ತಂಗಿ ಮನೇನೂ ಇಲ್ಲೇ ಎರಡು ಬಿಲ್ಡಿಂಗ್ ಆಚೆ. ಹೋದ ವರ್ಷ ಅವಳ ಮಗ, ಎಂಟು ವರ್ಷದೋನು, ಸ್ಕೂಟರ್ ಹಿಂದಿನ ಸೀಟಿಂದ ಬಿದ್ದು ಮೆದುಳಿಗೆ ಪೆಟ್ಟಾಯ್ತು. ಹೆಲ್ಮೆಟ್ ಇರ್ಲಿಲ್ಲ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಕಾನೂನು ಪ್ರಕಾರ ಬೇಕೇಬೇಕು, ಯಾರ್ ಹಾಕ್ತಾರೆ ಹೇಳಿ, ನಾವೂ ಹಾಕಿರ್ಲಿಲ್ಲ.

ಡಿಸ್ಚಾರ್ಜ್ ಆದ್ಮೇಲೆ ಊರಿಗೇ ಕರ್ಕೊಂಡೋದ್ವಿ, ಮನೆ ತುಂಬ ಜನ ಇದಾರಲ್ಲ ಅಂತ. ನಮ್ಮಮ್ಮ ತುತ್ತು ಮಾಡಿ ಬಾಯಿಗಿಡೋಳು, ದೊಡ್ಡಮ್ಮ ಶರ್ಟ್ ಗುಂಡಿ ಹಾಕೋಳು, ಇವನು ನೀರು ಅನ್ನೋಕ್ ಮುಂಚೆನೇ ಲೋಟ ಹಾಜರು. ಮೂರು ತಿಂಗಳಾದ್ರೂ ಎಡಗೈ ಮಡಚ್ಕೊಂಡೇ ಇತ್ತು, ಪಾಪ ಅದಕ್ಕೆ ಕೆಲಸ ಅಂತ ಯಾರ್ ಕೊಟ್ಟಿದ್ರು?

ಇಲ್ಲಿಗ್ ವಾಪಸ್ ಬಂದ್ಮೇಲೆ ಫಿಸಿಯೋ ಮೇಡಂ ಹೇಳಿದ್ದಿಷ್ಟೇ, "ನಾನು ಸಿಗೋದು ವಾರಕ್ಕೆ ಎರಡು ಗಂಟೆ, ಮಿಕ್ಕಿದ್ದೆಲ್ಲ ನಿಮ್ಮ ಅಡುಗೆಮನೇಲೇ ಆಗ್ಬೇಕು." ಹಂಗಾಗಿ ಬಟಾಣಿ ಸುಲಿಸೋದು ಶುರು, ಎಡಗೈಲಿ ಹಿಡ್ಕೊಂಡು ಬಲಗೈಲಿ ಬಿಡಿಸ್ಬೇಕು. ಮೊದಲ್ನೇ ದಿನ ಹನ್ನೊಂದು ಕಾಯಿಗೆ ಅರ್ಧ ಗಂಟೆ, ಕಾಳೆಲ್ಲ ಸೋಫಾ ಕೆಳಗೆ. ಮಧ್ಯಾಹ್ನ ಪಕ್ಕದ್ಮನೆ ಮರಾಠಿ ಆಜಿ ಬಂದು ಥಾಣೆವರೆಗೆ ಸ್ಟೇಷನ್ ಹೆಸರು ಹೇಳಿಸ್ತಾಳೆ. ಕೋಪರ್, ದಿವಾ ತನಕ ಸರಿ, ಮುಂಬ್ರಾ ಕಲ್ವಾ ಹತ್ರ ಅದಲುಬದಲು. ಆಜಿ ಹೇಳ್ಕೊಡಲ್ಲ, ಕಾಯ್ತಾಳೆ. ಸುಸ್ತಾದ್ರೆ ಅವನು ಏನ್ ಸಿಕ್ರೂ ಎಸೀತಾನೆ, ಅದು ಹಟ ಅಲ್ಲ, ಪೆಟ್ಟಾದ ಮೆದುಳು ಬೇಗ ದಣಿಯುತ್ತೆ. ಇದನ್ನ ಸ್ಕೂಲಿನೋರಿಗೆ ಅರ್ಥ ಮಾಡ್ಸೋದೇ ದೊಡ್ಡ ಕೆಲಸ, ನೋಡೋಕ್ ಸರಿಯಾಗೇ ಕಾಣ್ತಾನಲ್ಲ.

ಬ್ರೆಜಿಲ್‌ನ ಸಾರಾ ಆಸ್ಪತ್ರೆಗಳಲ್ಲಿ ಮೆದುಳಿಗೆ ಪೆಟ್ಟಾದ 5ರಿಂದ 12 ವರ್ಷದ ಮಕ್ಕಳ ಮೇಲೆ ಒಂದು ವರ್ಷ ನಡೆಸಿದ ಅಧ್ಯಯನ 2005ರಲ್ಲಿ ಬಂತು. ಥೆರಪಿಸ್ಟ್‌ಗಳು ನೇರವಾಗಿ ಮಾಡಿಸಿದ ಮಕ್ಕಳಿಗಿಂತ, ಅಪ್ಪ ಅಮ್ಮಂಗೆ ಕಲಿಸಿ ಮನೆಕೆಲಸದ ಜೊತೆಗೇ ಮಾಡಿಸಿದ ಮಕ್ಕಳು ಜಾಸ್ತಿ ಸುಧಾರಿಸಿದ್ರು. ಕಲಿಸಿ ಅನ್ನೋದನ್ನ ಗಮನಿಸಿ, ಪ್ರೀತಿಗೇನು ನಮ್ಮೂರಲ್ಲಿ ಬರಗಾಲ ಇರ್ಲಿಲ್ಲ.

ಆದ್ರೆ ಮನೆಯೋರು ಮಾಡಿಸ್ಬೇಕು ಅಂದ್ರೆ ಕೊನೆಗೆ ಮಗು ತಾಯಿ ಒಬ್ಳೇ ಅಂತಾಗುತ್ತೆ, ಅದು ನನಗೆ ಸಿಟ್ಟು. ತಂಗಿ ಕೆಲಸ ಬಿಟ್ಲು, ಭಾವ ಬೆಳಗ್ಗೆ ಲೋಕಲ್ ಹಿಡಿದ್ರೆ ರಾತ್ರಿನೇ. ಊರಲ್ಲಾದ್ರೂ ಅವಳು ಮಧ್ಯಾಹ್ನ ಒಂದ್ ಗಂಟೆ ಮಲಗ್ತಿದ್ಲು. ಅದಕ್ಕೇ ಈ ಸಲ ನಮ್ಮಮ್ಮನ್ನೇ ಇಲ್ಲಿಗ್ ಕರೆಸ್ತಿದೀವಿ, ಒಂದೇ ಷರತ್ತು, ಶರ್ಟ್ ಗುಂಡಿ ಅವನೇ ಹಾಕ್ಕೋಬೇಕು, ಎಷ್ಟೊತ್ತಾದ್ರೂ ನೀನು ಕೈ ಹಾಕಂಗಿಲ್ಲ ಅಂತ. ಫೋನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾದ್ರೆ ಅವನು ಗುಂಡಿ ಹಾಕ್ಕೊಳೋವಾಗ ನಾನು ಹೊರಗ್ ಹೋಗಿ ಕೂತಿರ್ತೀನಪ್ಪ" ಅಂದ್ಲು.