ಬೋರ್ಡ್ ನೆಟ್ಟರೆ ಸಾಲದು, ಈಜಲು ಒಂದು ಜಾಗ ಕೊಡಿ

ಪರೀಕ್ಷೆ ಮುಗಿದು ರಜೆ ಶುರುವಾದರೆ ನಮ್ಮ ಕಡೆ ಪೇಪರಿನಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಈಜಲು ಹೋದ ಹುಡುಗರು ನೀರುಪಾಲು. ಒಮ್ಮೆ ತುಂಗೆ, ಒಮ್ಮೆ ಭದ್ರೆ, ಒಮ್ಮೆ ಶರಾವತಿ ಹಿನ್ನೀರು, ಒಮ್ಮೆ ಯಾರದೋ ತೋಟದ ಕೃಷಿಹೊಂಡ. ಆಮೇಲೆ ಅಲ್ಲೊಂದು ಬೋರ್ಡ್ ಬರುತ್ತದೆ: 'ನೀರಿಗೆ ಇಳಿಯಬಾರದು'. ಮುಂದಿನ ಬೇಸಿಗೆಗೆ ಹುಡುಗರು ಅದೇ ಬೋರ್ಡಿಗೆ ಅಂಗಿ ನೇತುಹಾಕಿ ನೀರಿಗೆ ಹಾರುತ್ತಾರೆ.

ಹೊಳೆ ಪಕ್ಕ ಬೆಳೆದ ಮಕ್ಕಳನ್ನು ಏಪ್ರಿಲ್ ಸೆಕೆಯಲ್ಲಿ ಯಾರೂ ತಡೆಯೋಕೆ ಆಗಲ್ಲ. ತಡೆಯಬಾರದು ಕೂಡ. ಶಿವಮೊಗ್ಗದಂಥ ಊರಿಗೆ, ಮನೆಯವರೆಲ್ಲ ಧೈರ್ಯವಾಗಿ ಹೋಗಿ ಈಜಿ ಬರುವಂಥ ಒಂದು ಜಾಗ ಹೊಳೆಯಲ್ಲೇ ಬೇಕು. ಇದನ್ನು ಹೇಳಿದಾಗೆಲ್ಲ 'ಸ್ವಿಮ್ಮಿಂಗ್ ಪೂಲ್ ಇದೆಯಲ್ಲ' ಅನ್ನುತ್ತಾರೆ. ಇರಲಿ, ಒಳ್ಳೆಯದೇ. ಆದರೆ ಅದಕ್ಕೆ ಫೀಸು, ಬ್ಯಾಚು, ಟೈಮು. ಕೂಲಿಗೆ ಹೋಗುವವರ ಮಗ ಎಲ್ಲಿ ಈಜಬೇಕು? ಅವನು ಹೊಳೆಗೇ ಬರುತ್ತಾನೆ.

ಬೇಸಿಗೆಯ ತುಂಗೆಯನ್ನು ನೋಡಿದರೆ ಭಯವೇ ಆಗುವುದಿಲ್ಲ. ಬಂಡೆಗಳ ನಡುವೆ ಮೊಣಕಾಲುದ್ದ ನೀರು, ತಳದ ಕಲ್ಲೂ ಕಾಣುತ್ತದೆ. ಅಪಾಯ ಇರುವುದು ಅಲ್ಲಿಂದ ನಾಲ್ಕು ಹೆಜ್ಜೆ ಆಚೆಗೆ. ಮರಳು ತೆಗೆದ ಕಡೆ ತಳ ಸಮವಾಗಿ ಇಳಿಯುವುದಿಲ್ಲ, ಒಮ್ಮೆಲೇ ಕಡಿದುಹೋಗುತ್ತದೆ. ಸೊಂಟದ ಮಟ್ಟದಲ್ಲಿ ನಿಂತಿದ್ದವನ ಕಾಲ ಕೆಳಗೆ ಏನೂ ಇರುವುದಿಲ್ಲ. ಮುಳುಗುವವರು ಕೂಗುತ್ತಾರೆ ಅಂತ ನಾವು ಅಂದುಕೊಂಡಿದ್ದೇವೆ. ಉಸಿರಿಗೇ ಗತಿ ಇಲ್ಲದಾಗ ಕೂಗು ಎಲ್ಲಿಂದ ಬರಬೇಕು? ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತಿರುತ್ತದೆ, ಕೈ ಎತ್ತಲೂ ಆಗಲ್ಲ. ದಡದವರಿಗೆ ಆಟದ ಹಾಗೆ ಕಾಣುತ್ತದೆ. ಗೊತ್ತಾದ ಮೇಲೆ ಗೆಳೆಯ ಹಾರುತ್ತಾನೆ, ಅವನನ್ನು ಇವನು ತಬ್ಬಿ ಹಿಡಿಯುತ್ತಾನೆ. ಒಂದು ಸಾವಿನ ಜಾಗದಲ್ಲಿ ಎರಡು, ಮೂರು ಆಗುವುದು ಹೀಗೆ. ಸುಮ್ನೆ ಹಾರಬೇಡಿ. ಹಗ್ಗ, ಪಂಚೆ, ಉದ್ದನೆಯ ಗಳ, ಮುಚ್ಚಳ ಹಾಕಿದ ಖಾಲಿ ಕ್ಯಾನ್, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಇದನ್ನು ಪ್ರತಿ ಶಾಲೆಯಲ್ಲೂ ಹೇಳಿಕೊಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ತಡೆಯುವ ದಾರಿಗಳಲ್ಲಿ ಆ ಸಂಸ್ಥೆ ಹೇಳುವ ಒಂದು ಮುಖ್ಯ ಮಾತು, ಶಾಲೆಯ ಮಕ್ಕಳಿಗೆ ಈಜು ಕಲಿಸಿ ಅಂತ. ನಮ್ಮ ಅಜ್ಜಂದಿರ ಕಾಲಕ್ಕೆ ಇದು ತಾನಾಗೇ ಆಗುತ್ತಿತ್ತು. ಸುಲಿಯದ ಒಣ ತೆಂಗಿನಕಾಯಿ ಎರಡು ತಗೊಂಡು, ಸಿಪ್ಪೆಯ ನಾರನ್ನು ಒಂದಿಷ್ಟು ಎಳೆದು, ಒಂದಕ್ಕೊಂದು ಗಂಟು ಹಾಕಿ ಎದೆಯಡಿಗೆ ಕೊಡುತ್ತಿದ್ದರು. ಪಕ್ಕದಲ್ಲಿ ಹೊಳೆಯ ಗುಣ ಬಲ್ಲ ದೊಡ್ಡವರೊಬ್ಬರು ಇರುತ್ತಿದ್ದರು. ಮಡು ಎಲ್ಲಿ, ಸೆಳವು ಎಲ್ಲಿ ಅಂತ ಅವರಿಗೆ ಗೊತ್ತಿತ್ತು. ಈಗ ಹುಡುಗರ ಜೊತೆ ಬರುವುದು ಮೊಬೈಲ್ ಮಾತ್ರ.

ಮಳೆಗಾಲದ ಮಾತೇ ಬೇರೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದರೆ ಗಾಜನೂರಿನ ತುಂಗಾ ಅಣೆಕಟ್ಟಿನಲ್ಲಿ ಗೇಟ್ ಎತ್ತುತ್ತಾರೆ, ಊರಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಹೊಳೆಯಲ್ಲಿರುವ ಕೋರ್ಪಲಯ್ಯನ ಮಂಟಪ ಮುಳುಗಿತಾ ಅಂತ ನೋಡೋಕೆ ಊರಿಗೆ ಊರೇ ಹೋಗುತ್ತದಲ್ವಾ, ಆ ತಿಂಗಳುಗಳಲ್ಲಿ ಯಾರೂ ನೀರಿಗೆ ಇಳಿಯಬಾರದು. ನಾನು ಕೇಳುತ್ತಿರುವುದು ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ, ಮುಂದಿನ ಮುಂಗಾರು ಶುರುವಾಗುವವರೆಗೆ.

ಜಾಗ ಊರಿನ ಮೇಲ್ಗಡೆಯೇ ಆಗಬೇಕು, ಚರಂಡಿ ನೀರು ಹೊಳೆಗೆ ಸೇರುವುದಕ್ಕಿಂತ ಮೊದಲು. ಊರು ದಾಟಿ ಕೂಡ್ಲಿ ಕಡೆಗೆ ಹೋಗುವ ನೀರಿನಲ್ಲಿ ಮಕ್ಕಳನ್ನು ಇಳಿಸಲು ನನಗೆ ಮನಸ್ಸಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸ್ನಾನದ ನೀರಿಗೆ ಬಿ ದರ್ಜೆ ಅಂತ ಒಂದು ಅಳತೆ ಇಟ್ಟಿದೆ. ನೀರಿಗೆ ಕೊಳಕು ಸೇರಿದೆಯಾ ಅಂತ ತೋರಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ 500 ದಾಟಬಾರದು. ವಾರ ವಾರ ಪರೀಕ್ಷೆ ಮಾಡಿ ಆ ಅಂಕಿಯನ್ನು ಮೆಟ್ಟಿಲ ಹತ್ತಿರವೇ ಬರೆದು ಹಾಕಲಿ. ಅಂಥ ಬೋರ್ಡ್ ಇದ್ದರೆ ಜನ ಓದುತ್ತಾರೆ.

ಇದೆಲ್ಲ ಆಗುವ ಮಾತಲ್ಲ ಅನ್ನಬೇಡಿ. ಪ್ಯಾರಿಸಿನ ಸೇನ್ ನದಿಯಲ್ಲಿ 1923ರಿಂದ ಈಜು ನಿಷೇಧವಿತ್ತು. 2025ರ ಜುಲೈನಲ್ಲಿ 3 ಕಡೆ ಜನರಿಗೆ ತೆರೆದರು, ಕಾವಲಿನವರನ್ನು ಇಟ್ಟು, ನೀರು ಸರಿ ಇಲ್ಲದ ದಿನ ಮುಚ್ಚುತ್ತಾ. ಅಷ್ಟು ದೂರವೂ ಬೇಡ. ನಮ್ಮ ಹೊನ್ನೆಮರಡುವಿನ ಹಿನ್ನೀರಿನಲ್ಲಿ ಲೈಫ್ ಜಾಕೆಟ್ ಹಾಕಿಸಿ, ತಿಳಿದವರನ್ನು ಜೊತೆಗಿಟ್ಟು ಜನರನ್ನು ನೀರಿಗೆ ಇಳಿಸುತ್ತಾರೆ. ಸಕ್ರೆಬೈಲಿನಲ್ಲಿ ಆನೆಗಳಿಗೆ ದಿನಾ ಬೆಳಿಗ್ಗೆ ಸ್ನಾನದ ಜಾಗ ಇದೆ, ನೋಡಿಕೊಳ್ಳುವವರಿದ್ದಾರೆ. ಮಕ್ಕಳಿಗೂ ಅಷ್ಟು ಸಿಗಬೇಕು. ಆಳ ಗುರುತು ಹಾಕಿದ ಜಾಗ, ಅಡ್ಡಕ್ಕೆ ತೇಲುವ ಹಗ್ಗ, ಪಾಚಿ ಉಜ್ಜಿದ ಮೆಟ್ಟಿಲು, ಸಂಬಳ ಕೊಟ್ಟು ಇಟ್ಟುಕೊಂಡ ಈಜುಗಾರರು. ಹೊಳೆಯನ್ನು ಅಂಗೈಯಂತೆ ಬಲ್ಲ ಮೀನುಗಾರರ ಮನೆಯ ಹುಡುಗರಿಗೇ ತರಬೇತಿ ಕೊಟ್ಟು ಆ ಕೆಲಸ ಕೊಡಬಹುದು.

ಹೆಣ್ಣುಮಕ್ಕಳ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. ಸಣ್ಣವರಿದ್ದಾಗ ಅಣ್ಣನ ಜೊತೆ ಹೊಳೆಗೆ ಹೋಗುತ್ತಿದ್ದ ಹುಡುಗಿ ಹೈಸ್ಕೂಲಿಗೆ ಬರುವಷ್ಟರಲ್ಲಿ ದಡದಲ್ಲಿ ಬಟ್ಟೆ ಕಾಯುವವಳಾಗುತ್ತಾಳೆ. ಕಲಿತ ಈಜು ಅಲ್ಲಿಗೇ ನಿಲ್ಲುತ್ತದೆ. ಒದ್ದೆ ಬಟ್ಟೆ ಬದಲಾಯಿಸೋಕೆ ಬಾಗಿಲು ಇರುವ ಕೋಣೆ ಇಲ್ಲ, ದಡದಲ್ಲಿ ನಿಂತು ಫೋಟೋ ತೆಗೆಯುವವರು ಬೇರೆ. ಚಿಲಕ ಹಾಕಿಕೊಳ್ಳುವ ಎರಡು ಕೋಣೆ, ಒಬ್ಬ ಮಹಿಳಾ ಗಾರ್ಡ್, ಹೆಂಗಸರಿಗೇ ಅಂತ ಬೆಳಗಿನ ಒಂದು ಹೊತ್ತು. ದೊಡ್ಡ ಖರ್ಚೇನಲ್ಲ ಇದು. ಊರೊಳಗೆ ಹೊಳೆ ದಂಡೆಯ ಮೇಲೆ ವಾಕಿಂಗ್ ಮಾಡೋಕೆ ಕೋಟಿಗಟ್ಟಲೆ ಸುರಿದಿದ್ದೇವೆ, ಚೆನ್ನಾಗಿಯೇ ಆಗಿದೆ. ಅದರಲ್ಲಿ ಒಂದು ಪಾಲು ನೀರಿಗೆ ಇಳಿಯುವವರ ಜೀವಕ್ಕೂ ಬರಲಿ.

ಗಾಜನೂರಿನಿಂದ ಊರಿನ ತನಕ ಹೊಳೆ ದಡ ಬಲ್ಲವರು ಇಲ್ಲಿ ಜಾಸ್ತಿ ಜನ ಇದ್ದೀರಿ. ಮರಳು ತೆಗೆಯದ, ತಳ ಸಮ ಇರುವ, ರಸ್ತೆಯೂ ಹತ್ತಿರ ಇರುವ ಜಾಗ ಯಾವುದು ಅಂತ ಕೆಳಗೆ ಬರೆಯಿರಿ. ಎಲ್ಲವನ್ನೂ ಪಟ್ಟಿ ಮಾಡಿ ಮಹಾನಗರ ಪಾಲಿಕೆಗೂ ಜಿಲ್ಲಾಧಿಕಾರಿ ಕಚೇರಿಗೂ ಅರ್ಜಿ ಕೊಡುತ್ತೇನೆ. ಸಹಿ ಹಾಕಲು ಬರುವವರು ತಿಳಿಸಿ.