ಬೂಟ್ ಆದಾಗ ರ‍್ಯಾಮ್ ಬಳಕೆ ಬರೀ 180 ಎಂಬಿ ಅಂತೆ. ಆಮೇಲೆ?

ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡುವ ಹುಡುಗರಿಗೆ ಯಾರಾದರೂ ಸ್ವಲ್ಪ ಬುದ್ಧಿ ಹೇಳಿ. ನಾನು ಹೇಳಿದರೆ ಕೇಳಲ್ಲ.

ನಮ್ಮ ಪಕ್ಕದ ಮನೆ ಮೇಷ್ಟ್ರು ಗೊತ್ತಲ್ಲ, ಬಡಾವಣೆ ಸಂಘದ ಅರ್ಜಿಗಳನ್ನೆಲ್ಲ ಟೈಪ್ ಮಾಡುವವರು. ಅವರದು ಎರಡನೇ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಈಚಿನದೇ ಬೇಕು, ಮೇಲೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇರೆ. ಸರಿ, ಲಿನಕ್ಸೇ ದಾರಿ. ಇಲ್ಲೀತನಕ ನನ್ನ ತಕರಾರಿಲ್ಲ.

ಎದುರು ಮನೆಯ ಇಂಜಿನಿಯರಿಂಗ್ ಹುಡುಗ ಹಾಕಿಕೊಟ್ಟ. ಯಾವ ಡಿಸ್ಟ್ರೋ (ಲಿನಕ್ಸಿನ ಬಗೆ) ಅಂತ ಹೇಳಲ್ಲ, ಅದರ ಭಕ್ತರು ನನ್ನ ಫ್ರೆಂಡ್ ಲಿಸ್ಟಲ್ಲೇ ಇದ್ದಾರೆ. ನಿನ್ನೆ ಸಂಜೆ ಹೋದಾಗ ಪರದೆ ಪೂರ್ತಿ ಕಪ್ಪು. ಕೆಳಗೆ ಪಟ್ಟಿ ಇಲ್ಲ, ಮೆನು ಇಲ್ಲ, ಗಡಿಯಾರ ಇಲ್ಲ. ಮೂಲೆಯಲ್ಲಿ ಹಸಿರು ಅಕ್ಷರದಲ್ಲಿ ರ‍್ಯಾಮ್ ಲೆಕ್ಕ ಮಾತ್ರ ಓಡುತ್ತಿದೆ. "ನೋಡಿ ಅಂಕಲ್, ಬೂಟ್ ಆದಾಗ ಬರೀ 180 ಎಂಬಿ!" ಅಂದ. ಮುಖದಲ್ಲಿ ರ‍್ಯಾಂಕ್ ಬಂದ ಕಳೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಅದೆಲ್ಲ ಸರಿ ಕಣಪ್ಪಾ, ಆಫ್ ಮಾಡೋದು ಎಲ್ಲಿ?" ಅಂದರು.

ಆ 180 ಎಂಬಿ ಕಟ್ಟಿಕೊಂಡು ಮೇಷ್ಟ್ರು ಏನು ಮಾಡಬೇಕು? ಯಾರೂ ಮುಟ್ಟದೆ ಸುಮ್ನೆ ಕೂತ ಕಂಪ್ಯೂಟರಿನ ಲೆಕ್ಕ ಅದು. ಬ್ರೌಸರ್ ತೆರೆದು ಒಂದು ಬ್ಯಾಂಕು, ಒಂದು ಮೇಲ್, ಒಂದು ಯೂಟ್ಯೂಬ್ ಹಾಕಿದರೆ ಯಾವ ಡಿಸ್ಟ್ರೋ ಆದರೂ ಜಿಬಿ ದಾಟುತ್ತದೆ. ತಿನ್ನುವುದು ಬ್ರೌಸರ್. ಡೆಸ್ಕ್‌ಟಾಪ್ ಅಲ್ಲ. ಲಿನಕ್ಸ್ ಮಿಂಟ್ ಅನ್ನೋ ಡಿಸ್ಟ್ರೋದ ಎಕ್ಸ್‌ಎಫ್‌ಸಿಇ (ಹಗುರ ಡೆಸ್ಕ್‌ಟಾಪಿನ) ಆವೃತ್ತಿ ಕೂತಲ್ಲೇ ನಾಲ್ಕೈದು ನೂರು ಎಂಬಿ ಜಾಸ್ತಿ ತಗೊಳ್ಳಬಹುದು, ತಗೊಳ್ಳಲಿ ಬಿಡಿ. ಅದಕ್ಕೆ ಬದಲಾಗಿ ಕಣ್ಣಿಗೆ ಕಾಣುವ ಮೆನು, ವೈಫೈ ಗುರುತು, ಆಫ್ ಮಾಡುವ ಗುಂಡಿ ಸಿಗುತ್ತದಲ್ಲ! ಮಿಂಟ್‌ನವರೇ ಹೇಳುವುದು ಕನಿಷ್ಠ 2 ಜಿಬಿ, ಆರಾಮಕ್ಕೆ 4 ಜಿಬಿ ಅಂತ. ಮೇಷ್ಟ್ರ ಹತ್ತಿರ ಅಷ್ಟಿದೆ. ಉಬುಂಟು ಬಳಗದಲ್ಲಿ ಲುಬುಂಟು ಕೂಡ ಹಗುರವೇ, ಆದರೆ ಅಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿ, ಅಂದರೆ ಬೇಕಾದ್ದನ್ನೆಲ್ಲ ಒಳಗೇ ಕಟ್ಟಿಕೊಂಡ ದೊಡ್ಡ ಪೊಟ್ಟಣವಾಗಿ ಬರುತ್ತದೆ. ತಿರುಗುವ ಡಿಸ್ಕಿನಲ್ಲಿ ಅದು ಮೊದಲ ಸಲ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದು.

ಅಸಲಿ ರೋಗ ಆ ಡಿಸ್ಕೇ. ಅದರ ಬದಲು ತಿರುಗುವ ಭಾಗವೇ ಇಲ್ಲದ ಸಾಟಾ ಎಸ್‌ಎಸ್‌ಡಿ ಒಂದು ಹಾಕಿದರೆ ಯಾವ ಡಿಸ್ಟ್ರೋನೂ ಕೊಡದಷ್ಟು ವೇಗ ಬರುತ್ತದೆ. ಆದರೆ ಸ್ಕ್ರೂಡ್ರೈವರ್ ಹಿಡಿದರೆ ಸ್ಕ್ರೀನ್‌ಶಾಟ್ ಹಾಕೋಕಾಗಲ್ಲ, ಅಲ್ವಾ?

ಇನ್ನು ಕನ್ನಡದ ಕಥೆ. ಮೇಷ್ಟ್ರು ಸಂಘದ ಹಳೇ ಪತ್ರ ತೆರೆದರು. ಅಕ್ಷರದ ಜಾಗದಲ್ಲೆಲ್ಲ ಪೌಂಡ್ ಗುರುತು, ತಲೆ ಮೇಲೆ ಕೊಂಬಿಟ್ಟ 'ಎ'ಗಳು. "ಫೈಲ್ ಕರಪ್ಟ್ ಆಗಿದೆ ಅಂಕಲ್" ಅಂದ ಹುಡುಗ. ಏನೂ ಕರಪ್ಟ್ ಆಗಿಲ್ಲ ಮಾರಾಯ! ಅದು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರಸಂಕೇತ) ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಬರೆದದ್ದು. ಆ ಫಾಂಟ್ ಫೈಲನ್ನು ತಂದು ಹಾಕಿದರೆ ವರ್ಡ್ ಥರದ ಲಿಬ್ರೆ ಆಫೀಸಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಹೊಸದಾಗಿ ಟೈಪ್ ಮಾಡಲು ಐಬಸ್ ಜೊತೆ ಎಂ17ಎನ್ (ಬೇರೆ ಬೇರೆ ಭಾಷೆ ಟೈಪಿಸುವ ತಂತ್ರಾಂಶಗಳು) ಹಾಕಿಕೊಂಡರೆ ಕೆಜಿಪಿ, ಅಂದರೆ ನುಡಿಯದೇ ವಿನ್ಯಾಸದ ಕೀಲಿಮಣೆ ಇದೆ. ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ. ಇಷ್ಟನ್ನು ಮಾಡಿಕೊಡದೆ ಮೂಲೆಯಲ್ಲಿ ಹಸಿರು ಅಂಕಿ ಓಡಿಸಿದ್ದಾನೆ.

ಒಂದು ನಿಜ ಹೇಳಿಬಿಡ್ತೀನಿ. ಮೇಷ್ಟ್ರು ನನ್ನನ್ನು ಬಿಟ್ಟು ಅವನನ್ನು ಕೇಳಿದರಲ್ಲ, ಆ ಹೊಟ್ಟೆಕಿಚ್ಚೂ ಇದರಲ್ಲಿ ಸೇರಿದೆ. ಇಷ್ಟು ವರ್ಷ ಅವರ ಪ್ರಿಂಟರ್ ಕೆಮ್ಮಿದಾಗಲೆಲ್ಲ ಓಡಿದವನು ನಾನು. ಇರಲಿ.

ಕೆಲವರು ವಾದ ಮಾಡ್ತೀರಿ, ಗೊತ್ತು. ಆಂಟಿಎಕ್ಸ್, ಪಪ್ಪಿಯಂಥ ತೀರಾ ಹಗುರ ಡಿಸ್ಟ್ರೋಗಳೆಲ್ಲ ಇರುವುದು ಯಾಕೆ ಅಂತ. ಇರಲಿ ಸ್ವಾಮಿ, 512 ಎಂಬಿ, 1 ಜಿಬಿಯ ಹಳೇ ನೆಟ್‌ಬುಕ್ಕಿಗೆ ಅವು ಬೇಕೇ ಬೇಕು. 32 ಬಿಟ್‌ನ ತೀರಾ ಹಳೇ ಯಂತ್ರಗಳಿಗಂತೂ ಈಗ ಆಯ್ಕೆಯೇ ಕಡಿಮೆ, ಡೆಬಿಯನ್ ಡಿಸ್ಟ್ರೋ ಕೂಡ 2025ರ ಆಗಸ್ಟಿನಲ್ಲಿ ಬಂದ 13ನೇ ಆವೃತ್ತಿಯಿಂದ ಅದಕ್ಕೆ ಇನ್‌ಸ್ಟಾಲರ್ ಕೊಡುವುದು ನಿಲ್ಲಿಸಿದೆ. ಆದರೆ ಮೇಷ್ಟ್ರದು 64 ಬಿಟ್, 4 ಜಿಬಿ! ಇದಕ್ಕೂ ಅದೇ ಉಪವಾಸ ಯಾಕೆ? ಇನ್ನು 'ಅವರೂ ಟರ್ಮಿನಲ್ಲಿನಲ್ಲಿ ಕಮಾಂಡ್ ಟೈಪ್ ಮಾಡೋದು ಕಲೀಲಿ' ಅನ್ನುವವರಿಗೆ: ಮೊದಲು ನಿಮ್ಮಪ್ಪನಿಗೆ ಕಲಿಸಿ ಬನ್ನಿ, ಆಮೇಲೆ ಮಾತಾಡೋಣ.

ಭಾನುವಾರ ಬೆಳಗ್ಗೆ ನಾನೇ ಕೂತು ಎಲ್ಲ ಅಳಿಸಿ ಮಿಂಟ್ ಹಾಕ್ತೀನಿ. ಪತ್ರಗಳನ್ನು ಪೆನ್‌ಡ್ರೈವಿಗೆ ಆಗಲೇ ಎತ್ತಿಟ್ಟಾಗಿದೆ. ಹುಡುಗನಿಗೂ ಬಾ ಅಂದಿದ್ದೇನೆ, ಅವನ ಮುಖ ಊದಿದೆ. ಮೈಸೂರಿನಲ್ಲಿ ಯಾರ ಹತ್ತಿರವಾದರೂ ಹಳೇ ಲ್ಯಾಪ್‌ಟಾಪಿನಿಂದ ತೆಗೆದಿಟ್ಟ 4 ಜಿಬಿ ಡಿಡಿಆರ್3 ರ‍್ಯಾಮ್ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಮೇಷ್ಟ್ರು ದುಡ್ಡು ಕೊಡ್ತಾರೆ, ಚೌಕಾಸಿ ಮಾಡದೆ ಮಾತ್ರ ಕೊಡಲ್ಲ.