ಯಾವ ಬಿಲ್ಲಿಗೆ ಅಂತ ಯಾರೂ ಕೇಳಲಿಲ್ಲ

ಕಳೆದ ದಸರೆಗೆ ಬೀದರಿಗೆ ಹೋದಾಗ ಎಡಗೈ ಹೆಬ್ಬೆರಳಿನ ಬುಡಕ್ಕೆ ಒಂದು ಸಿಬಿರು ಹೊಕ್ಕಿತು. ಕಟ್ಟಿಗೆ ಬಾಣದ ಸಿಬಿರು. ಅದು ಹೊಸ ಬಾಣ, ನಾಲ್ಕನೆಯ ಹೊಡೆತ. ಹೆದೆ ಬಿಡುತ್ತಿದ್ದಂತೆ ನಡುವೆ ಸೀಳಿತು. ಅವ್ವ ಅರಿಶಿನ ಒತ್ತಿ ಬಟ್ಟೆ ಕಟ್ಟಿದಳು. ಮರುದಿನ ಬನ್ನಿ ಕೊಡಲು ಬಂದವರೆಲ್ಲ ಕೈಗೇನಾಯ್ತು ಅಂತ ಕೇಳಿದರು. ಗಾಯ ಎಂಟು ದಿನದಲ್ಲಿ ಒಣಗಿತು. ಸಿಟ್ಟು ಇನ್ನೂ ಇಳಿದಿಲ್ಲ.

ನಾನಿರುವುದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ. ಮೂರು ವರ್ಷದಿಂದ ಬಿಲ್ಲು ಹಿಡಿಯುತ್ತಿದ್ದೇನೆ. ಹಳೆಯ ರೀತಿಯ ಕಟ್ಟಿಗೆಯ ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು. ಗುರಿ ನೋಡುವ ಸಾಧನ ಇಲ್ಲ, ಅಲುಗಾಡದಂತೆ ತಡೆಯುವ ಕೋಲೂ ಇಲ್ಲ. ಬಿಲ್ಲು, ಹೆದೆ, ಬಾಣ, ಅಷ್ಟೇ.

ಅಲ್ಲಿ ಮೊದಲ ಸಲ ಬಾಣ ಕೊಳ್ಳಲು ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಊರಾಚೆ ಒಬ್ಬ ಮುದುಕ ತನ್ನ ಮನೆ ಪಕ್ಕದ ಶೆಡ್ಡಿನಲ್ಲಿ ಬಾಣ ಮಾಡುತ್ತಾನೆ. ಒಂದು ಡಜನ್ ಬೇಕು ಅಂದೆ. ಕೊಡಲಿಲ್ಲ. ಬಿಲ್ಲು ತಂದಿದ್ದೀಯಾ ಅಂತ ಕೇಳಿದ. ಕಾರಿನಿಂದ ತಂದು ಕೊಟ್ಟೆ. ಹೆದೆ ಎಳೆದು ನಿಲ್ಲು ಅಂದ, ನನ್ನ ಎಳೆತವನ್ನು ಅಳತೆಪಟ್ಟಿ ಹಿಡಿದು ನೋಡಿದ. 27 ಇಂಚು. ಬಿಲ್ಲಿನ ಮೇಲೆ 45 ಪೌಂಡ್ ಅಂತ ಬರೆದಿತ್ತು, ಅಂದರೆ ಹೆದೆ ಎಳೆಯಲು ಬೇಕಾದ ಬಲ. ಅದು 28 ಇಂಚು ಎಳೆದಾಗಿನ ಲೆಕ್ಕ, ನಿನ್ನ ಕೈಯಲ್ಲಿ ಇದು 42ರ ಬಿಲ್ಲು ಅಂದ.

ಆಮೇಲೆ ಒಂದು ಕಡ್ಡಿ ತೆಗೆದು 26 ಇಂಚು ಅಂತರದ ಎರಡು ಗೂಟಗಳ ಮೇಲೆ ಮಲಗಿಸಿದ. ನಡುವೆ 2 ಪೌಂಡಿನ ಭಾರ ತೂಗುಹಾಕಿದ. ಕಡ್ಡಿ ಎಷ್ಟು ಬಾಗಿತೋ ಅದನ್ನು ಮುಳ್ಳು ತೋರಿಸಿತು. 26ನ್ನು ಆ ಬಾಗಿನ ಇಂಚಿನಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಕಡ್ಡಿಯ ಬಿಗುವು. ಸ್ಪೈನ್ ಅಂತಾರೆ. ಅರ್ಧ ಇಂಚು ಬಾಗಿದರೆ 52. ಹೀಗೆ ಸುಮಾರು ನಲವತ್ತು ಕಡ್ಡಿ ತೂಗಿ ನನಗಾಗಿ ಹನ್ನೆರಡು ಆರಿಸಿದ. ಎಲ್ಲವೂ 40ರಿಂದ 45ರ ಒಳಗೆ, ನನ್ನ 42ರ ಬಿಲ್ಲಿಗೆ ಹೊಂದುವಂಥವು. ಒಂದೂವರೆ ಗಂಟೆ ಹಿಡಿಯಿತು. ನಾನು ಸ್ಟೂಲಿನ ಮೇಲೆ ಕೂತು ಸುಮ್ನೆ ನೋಡುತ್ತಿದ್ದೆ.

ಇಷ್ಟೆಲ್ಲ ಯಾಕೆ ಅಂದರೆ, ಇಂಥ ಬಿಲ್ಲಿನಲ್ಲಿ ಬಾಣ ನೆಟ್ಟಗೆ ಹೋಗುವುದಿಲ್ಲ. ಹೆದೆ ಬಿಟ್ಟ ಕೂಡಲೇ ಮೀನಿನ ಹಾಗೆ ಬಳುಕಿ, ಬಿಲ್ಲನ್ನು ಬಳಸಿಕೊಂಡು ದಾಟಿ, ಆಮೇಲೆ ನೇರವಾಗುತ್ತದೆ. ಕಡ್ಡಿಯ ಬಿಗುವು ಜಾಸ್ತಿಯಾದರೆ ನನ್ನಂಥ ಬಲಗೈಯವನ ಬಾಣ ಎಡಕ್ಕೆ ಬೀಳುತ್ತದೆ, ಸಡಿಲಾದರೆ ಬಲಕ್ಕೆ. ಕೈ ಎಷ್ಟೇ ಪಳಗಿದರೂ ತಪ್ಪು ಬಾಣವನ್ನು ತಿದ್ದಲು ಆಗುವುದಿಲ್ಲ. ಗರಿಗಳದೂ ಹಾಗೇ. ಒಂದು ಬಾಣದ ಮೂರೂ ಗರಿ ಹಕ್ಕಿಯ ಒಂದೇ ಕಡೆಯ ರೆಕ್ಕೆಯದಾಗಿರಬೇಕು. ಇನ್ನು ಕಟ್ಟಿಗೆಯ ಎಳೆ. ಅದು ತುದಿಯಿಂದ ತುದಿಗೆ ಕಡಿಯದೆ ಓಡಬೇಕು. ನಡುವೆ ಓರೆಯಾಗಿ ಹೊರಬಿದ್ದರೆ ಬಾಣ ಮುರಿಯುವುದು ಅಲ್ಲೇ, ಚುಚ್ಚುವುದು ಬಿಲ್ಲು ಹಿಡಿದ ಕೈಗೆ. ಪ್ರತಿ ಹೊಡೆತಕ್ಕೂ ಮುಂಚೆ ಕಡ್ಡಿ ಬಾಗಿಸಿ, ಕಿವಿ ಕೊಟ್ಟು ಕೇಳು, ಟಿಕ್ ಅಂದರೆ ಮುರಿದು ಬಿಸಾಕು ಅಂತ ಮುದುಕ ಮೂರು ಸಲ ಹೇಳಿ ಕಳಿಸಿದ. ಆ ಕಡ್ಡಿಗಳಿಗೆ ಶುಂಠಿಯ ಹಾಗೆ ಖಾರದ ಪರಿಮಳ. ಮನೆಯಲ್ಲಿ ಇಟ್ಟ ಮೂಲೆಯೆಲ್ಲ ಘಮಘಮ.

ಊರಿಗೆ ಹೊರಟಾಗ ಬಿಲ್ಲನ್ನು ಮೂರು ತುಂಡಾಗಿ ಬಿಚ್ಚಿ ಸೂಟ್‌ಕೇಸಿನಲ್ಲಿಟ್ಟೆ. ಬಾಣ ಒಯ್ಯಲಿಲ್ಲ. ಬಿದಿರಿನಿಂದಲೇ ಬೀದರ್ ಅಂತ ಹೆಸರು ಬಂತು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಮೇದಾರ ಕೇತಯ್ಯ ಬುಟ್ಟಿ ಹೆಣೆದು ಶರಣನಾದ ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಅಂಥ ನಾಡಿನಲ್ಲಿ ಒಂದು ಡಜನ್ ಬಾಣ ಸಿಗಲ್ವಾ ಅನ್ನುವ ನಂಬಿಕೆ ನನ್ನದು.

ಅಣ್ಣನ ಮಗ ನಮ್ಮ ಕಡೆಯ ಒಂದು ಆಟದ ಸಾಮಾನಿನ ಅಂಗಡಿಗೆ ಫೋನ್ ಹಚ್ಚಿ ತರಿಸಿದ. ಯಾವ ಬಿಲ್ಲು, ಎಷ್ಟು ಪೌಂಡು, ಎಷ್ಟು ಎಳೆತ, ಆ ಕಡೆಯಿಂದ ಒಂದೂ ಪ್ರಶ್ನೆ ಬರಲಿಲ್ಲ. ನಾನೇ ಫೋನ್ ಇಸಕೊಂಡು ಹೇಳಲು ಹೋದೆ. ‘ಎಲ್ಲಾದಕ್ಕೂ ಇದೇ ನಡೀತದ, ತಗೋರಿ’ ಅಂದರು.

ಕಟ್ಟು ಬಿಚ್ಚಿದಾಗ ನನಗೆ ಸಂಕಟವಾಯಿತು. ಹನ್ನೆರಡು ಬಾಣ, ಮೂರು ಥರದ ದಪ್ಪ. ಎಡ ರೆಕ್ಕೆಯ ಗರಿ ಬಲ ರೆಕ್ಕೆಯ ಗರಿ ಒಂದೇ ಬಾಣದಲ್ಲಿ. ಎಳೆ ಓರೆ ಓರೆ. ಮೂರು ಬಾಣ ಮೂರು ದಿಕ್ಕಿಗೆ ಹೋದವು, ನಾಲ್ಕನೆಯದು ಕೈಗೆ ಬಂತು. ಎಳೆ ಓರೆಯಾಗಿದ್ದುದು ಕಣ್ಣಿಗೆ ಕಂಡಿತ್ತು. ಕಂಡೂ ಹೂಡಿದ್ದು ನನ್ನ ತಪ್ಪು, ಹುಡುಗ ಪಕ್ಕದಲ್ಲಿ ಆಸೆಯಿಂದ ನಿಂತಿದ್ದ. ತಿರುಗಿ ಫೋನ್ ಮಾಡಿದರೆ, ಹುಡುಗರು ಆಡೋ ಸಾಮಾನು, ಇಷ್ಟು ಯಾಕೆ ತಲೆ ಕೆಡಿಸ್ಕೋತೀರಿ ಅಂದರು.

ಈ ‘ನಡೀತದ’ ಅನ್ನುವ ಮಾತೇ ನನಗೆ ತಡೆಯಲಾಗದ್ದು. ಅದೇ ವಾರ ಅವ್ವನ ಕುಕ್ಕರಿಗೆ ರಬ್ಬರ್ ತಂದೆ, ಅಲ್ಲೂ ‘ನಡೀತದ’, ಮನೆಗೆ ಬಂದರೆ ಕೂಡಲಿಲ್ಲ. ಅಣ್ಣನ ಕನ್ನಡಕದ ಕಥೆಯೂ ಅದೇ. ನಮ್ಮವರಿಗೆ ಅಳತೆ ಬರುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ. ಹೂಜಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಬೆಳ್ಳಿ ತಂತಿ ಕೂಡಿಸಿ, ಕೋಟೆಯ ಮಣ್ಣು ಹಾಕಿ ಕುದಿಸಿ ಕಪ್ಪು ತರಿಸುವ ಊರು ನಮ್ಮದು. ಆ ಮಣ್ಣು ಸರಿಯಾದದ್ದೇ ಅಂತ ನಾಲಿಗೆಗೆ ಹಚ್ಚಿ ನೋಡುವವರು ನಮ್ಮಲ್ಲಿದ್ದಾರೆ. ಬರುತ್ತದೆ, ಆದರೆ ಮಾರುವ ಹೊತ್ತಿಗೆ ಕೇಳುವುದಿಲ್ಲ. ಆ ಮುದುಕ ಬೆಲೆ ಹೇಳುವ ಮುಂಚೆ ನನ್ನ ಬಿಲ್ಲು ಕೇಳಿದ. ನನ್ನೂರಿನವರು ದುಡ್ಡು ಇಸಕೊಂಡ ಮೇಲೂ ಕೇಳಲಿಲ್ಲ. ನನ್ನ ಮನಸ್ಸಿಗೆ ಹತ್ತಿದ್ದು ಇದು.

ಹೌದು, ಆ ಅಂಗಡಿಗೆ ವರ್ಷಕ್ಕೆ ಎಷ್ಟು ಜನ ಕಟ್ಟಿಗೆ ಬಾಣ ಕೇಳಿಕೊಂಡು ಬಂದಾರು? ಆ ಮುದುಕನಿಗೆ ನಾನು ಕೊಟ್ಟ ದುಡ್ಡಿನಲ್ಲಿ ಬೀದರಿನ ಒಂದು ಮನೆಗೆ ತಿಂಗಳ ಕಿರಾಣಿ ಬರುತ್ತದೆ. ಅವನ ಘಮಘಮ ಕಡ್ಡಿಗಳು ಪೋರ್ಟ್ ಆರ್ಫರ್ಡ್ ಸೀಡರ್ ಮರದವು, ಆ ಮರ ಕಾಡಾಗಿ ಬೆಳೆಯುವುದು ಆರೆಗಾನ್‌ನ ನೈರುತ್ಯ ಕರಾವಳಿ ಮತ್ತು ಅದಕ್ಕೆ ಹತ್ತಿದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ. ಆ ಮರದ ಮಗ್ಗುಲಿಗೇ ನಾನು ಮನೆ ಮಾಡಿದ್ದು ನನ್ನ ಪುಣ್ಯ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಊರು ಬಿಡುವ ನಾಲ್ಕು ದಿನ ಮುಂಚೆ ಹುಡುಗ ನನ್ನನ್ನು ಬುಟ್ಟಿ ಹೆಣೆಯುವ ಒಬ್ಬ ಹಿರಿಯರ ಹತ್ತಿರ ಕರೆದುಕೊಂಡು ಹೋದ. ನನಗೆ ಮನಸ್ಸಿರಲಿಲ್ಲ. ‘ಮುತ್ಯಾ, ಬಾಣಕ್ಕೆ ಬಿದಿರು ಕಡ್ಡಿ ಬೇಕಾಗಿತ್ತು’ ಅಂದೆ. ಮುತ್ಯಾ ತಲೆ ಎತ್ತದೆ, ‘ಬಿಲ್ಲ ತಂದೀಯೇನ ತಮ್ಮಾ?’ ಅಂದರು.

ನಾನು ಮನೆಗೆ ಓಡಿ ಬಿಲ್ಲು ತಂದೆ. ಅವರು ಹೆದೆಯನ್ನು ಎರಡು ಬೆರಳಿನಲ್ಲಿ ಅರ್ಧ ಎಳೆದು ಮೆಲ್ಲಗೆ ಬಿಟ್ಟರು. ಆಮೇಲೆ ಒಂದೊಂದೇ ಬಿದಿರು ಕಡ್ಡಿಯನ್ನು ಮೊಣಕಾಲಿಗೆ ಒತ್ತಿ ಬಾಗಿಸಿ ಎರಡು ಗುಂಪು ಮಾಡಿದರು. ಗಿಣ್ಣನ್ನು ಚಾಕುವಿನಿಂದ ಹೆರೆದರು. ಡೊಂಕಿದ್ದ ಕಡೆ ಕೆಂಡದ ಮೇಲೆ ಹಿಡಿದು, ಒದ್ದೆ ಬಟ್ಟೆ ಸುತ್ತಿ ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು. ಗರಿ ನಮ್ಮ ಕೆಲಸ ಅಲ್ಲ ಅಂದುಬಿಟ್ಟರು. ರಾತ್ರಿ ನಾನೂ ಹುಡುಗನೂ ಕೂತು ಆ ಕೆಟ್ಟ ಬಾಣಗಳ ಗರಿ ಕಿತ್ತು, ಎಡದ್ದು ಬಲದ್ದು ಬೇರೆ ಮಾಡಿ, ಅಂಟು ಹಚ್ಚಿ ದಾರ ಸುತ್ತಿದೆವು. ಹನ್ನೆರಡರಲ್ಲಿ ಎಂಟು ಚೆನ್ನಾಗಿ ಹಾರಿದವು. ಬೀದರಿನ ಕೆಂಪು ಕಲ್ಲಿಗೆ ಬಡಿದವೂ ಮುರಿಯಲಿಲ್ಲ.

ಚೆನ್ನಾಗಿ ಹಾರಿದವುಗಳಲ್ಲಿ ಎರಡು, ಹಾರದಿದ್ದದ್ದು ಒಂದು, ಮೂರನ್ನು ಇಲ್ಲಿಗೆ ತಂದು ಮುದುಕನ ಮಾಪಕದ ಮೇಲೆ ಇಟ್ಟೆವು. 43, 44. ಮೂರನೆಯದು 51. ಅವನು ಬಿದಿರನ್ನು ಬೆರಳಲ್ಲಿ ಉರುಳಿಸುತ್ತಾ, ಇವನ್ನು ಯಾವುದರಲ್ಲಿ ಅಳೆದರು ಅಂತ ಕೇಳಿದ. ನನ್ನ ಮೊಣಕಾಲು ಮುಟ್ಟಿ ತೋರಿಸಿದೆ. ಇನ್ನೂ ಎಷ್ಟು ತರಲಿಕ್ಕಾಗುತ್ತೆ ಅಂದ.

ಎಳ್ಳಮವಾಸ್ಯೆಗೆ ಟಿಕೆಟ್ ತೆಗೆದಿದ್ದೇನೆ. ಈ ಸಲ ಸೂಟ್‌ಕೇಸಿನಲ್ಲಿ ಬಿಲ್ಲಿನ ಜೊತೆ 2 ಪೌಂಡಿನ ಭಾರವೂ ಇದೆ, ಹುಡುಗನಿಗೆ.